ಬೀಗತಿಯಾಗಿ ಬಂದ ರೂಬಿ

ಕೆಲವರಿಗೆ ಊಟವಾದ ಮೇಲೆ ನಿದ್ದೆ ಬರುತ್ತದೆ. ನನಗೆ ಪಾಠ ಮಾಡುತ್ತಿರುವಾಗಲೇ ಕನಸು ಬೀಳುತ್ತದೆ. ತಪ್ಪು ತಿಳಿಯಬೇಡಿ, ಕಣ್ಣು ತೆರೆದೇ ಇರುತ್ತವೆ, ಕೈಯಲ್ಲಿ ಸೀಮೆಸುಣ್ಣವೂ ಇರುತ್ತದೆ. ಭಾಲ್ಕಿಯ ಒಂದು ಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಭೂಗೋಳದಲ್ಲಿ ಟಂಡ್ರಾ ಪ್ರದೇಶದ ಪಾಠ ಬಂತೆಂದರೆ ನನ್ನ ಮೈಮೇಲೆ ಬೇರೆ ಯಾರೋ ಬಂದಂತಾಗುತ್ತದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರು ಜೋರಾಗಿ ಹಾಡು ಹಾಕಿಕೊಂಡು ಹೋಗುತ್ತಿರುತ್ತದೆ, ಒಳಗೆ ನಾನು ‘ಎಲ್ಲಿ ನೋಡಿದರೂ ಬಿಳುಪು ಮಕ್ಕಳೇ, ಒಂದಿಷ್ಟೂ ಸಪ್ಪಳ ಇಲ್ಲ, ಬಿಳಿ ನಾಯಿಗಳು ಗಾಲಿ ಇಲ್ಲದ ಬಂಡಿ ಎಳೆದುಕೊಂಡು ಹೋಗ್ತಾವೆ’ ಎನ್ನುತ್ತ ಕಪ್ಪು ಹಲಗೆಯ ಮುಂದೆ ಹಾಗೇ ನಿಂತುಬಿಡುತ್ತೇನೆ. ಇಷ್ಟೆಲ್ಲ ಹೇಳುವ ನಾನು ಹಿಮ ಕಂಡವಳಲ್ಲ. ನನಗೆ ಗೊತ್ತಿರುವ ಹಿಮವೆಂದರೆ ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವುದು, ಅದನ್ನು ಆಗಾಗ ಸೌಟಿನ ಹಿಡಿಯಿಂದ ಕೆರೆದು ಮೋರಿಗೆ ಚೆಲ್ಲುತ್ತೇನೆ. ಒಮ್ಮೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ‘ಟೀಚರ್, ನೀವು ನೋಡೀರೇನ್ರಿ?’ ಎಂದು ಕೇಳಿದಳು. ‘ಪಾಠದಾಗ ಇದ್ದದ್ದು ಕೇಳ’ ಎಂದು ಗದರಿಸಿ ಕೂರಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಮನೆ ಇರುವುದು ಬೀದರದಲ್ಲಿ. ದಿನಾ ಬೆಳಿಗ್ಗೆ ಭಾಲ್ಕಿಯ ಬಸ್ಸು. ಚಳಿಗಾಲದಲ್ಲಿ ಕಿಟಕಿಯ ಗಾಜು ಮಸುಕಾಗಿ, ತೊಗರಿ ಹೊಲಗಳೆಲ್ಲ ಮಂಜಿನಲ್ಲಿ ಮುಳುಗಿ, ಅಲ್ಲೊಂದು ಇಲ್ಲೊಂದು ಬೇವಿನ ಮರದ ತಲೆ ಮಾತ್ರ ಕಾಣುತ್ತಿರುವಾಗ, ಕಂಡಕ್ಟರ್ ಬಂದು ಟಿಕೆಟ್ ಕೇಳುವ ತನಕ ನಾನು ಈ ಲೋಕದಲ್ಲಿ ಇರುವುದಿಲ್ಲ. ಅಂಥ ಒಂದು ಬೆಳಿಗ್ಗೆ, ಬಸ್ಸಿನಲ್ಲೇ, ಶಾರ್ಜಾದಿಂದ ತಮ್ಮ ಮಲ್ಲುವಿನ ಫೋನು ಬಂತು. ಅವನು ಅಲ್ಲಿಯ ನೌಕರಿ ಬಿಟ್ಟು ಕಾಯಮ್ಮಾಗಿ ಊರ ಕಡೆ ಹೊರಟಿದ್ದ.

‘ಅಕ್ಕಾ, ಒಂದು ಹಸ್ಕಿ ನಾಯಿ ಅದ, ರೂಬಿ ಅಂತ. ಹೆಣ್ಣು. ವಯಸ್ಸಾಗ್ಯದ. ಅದರ ಮನಿಯವರು ದೇಶ ಬಿಟ್ಟು ಹೋಗೂ ಮುಂದ ಊರ ಹೊರಗ ಉಸುಕಿನಾಗ ಇಳಿಸಿ ಹೋಗ್ಯಾರ. ಯಾರೋ ಪುಣ್ಯಾತ್ಮರು ತಂದು ಇಟ್ಕೊಂಡಾರ. ಮರಿ ಆಗಿದ್ರ ಜನ ಪಾಳಿ ಹಚ್ಚತಿದ್ರು, ಇದಕ್ಕ ಯಾರೂ ಕೇಳವಲ್ರು. ನನ್ನ ಸಾಮಾನಿನ ಕೂಡ ನಾ ತರ್ತೇನಿ. ಆದ್ರ ಹೈದರಾಬಾದಿನಾಗ ನನ್ನ ಬಾಡಿಗಿ ಮನ್ಯಾಗ ನಾಯಿ ನಡೆಯಂಗಿಲ್ಲ.’

ಫೋಟೋ ಕಳಿಸಿದ. ಒಂದು ಕಣ್ಣು ನೀಲಿ, ಒಂದು ಕಂದು. ಫೋಟೋ ತೆಗೆದವರನ್ನು ಬಿಟ್ಟು ಅವರ ಬೆನ್ನ ಹಿಂದೆ ಎಲ್ಲೋ ದೂರ ನೋಡುತ್ತಿತ್ತು, ಇನ್ನೂ ಯಾರೋ ಬರುವವರಿದ್ದಾರೆ ಎನ್ನುವ ಹಾಗೆ. ಭಾಲ್ಕಿ ಬರುವುದರೊಳಗೆ ‘ತಗೊಂಡ್ ಬಾ’ ಎಂದು ಹೇಳಿ ಮುಗಿಸಿದ್ದೆ.

ನಮ್ಮ ಮನೆಯವರದು ಊರ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಅಡತಿ ಅಂಗಡಿ. ಸಂಜೆ ಸುದ್ದಿ ಕೇಳಿ ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ‘ಗಂಜಿನಾಗ ತೊಗರಿ ಚೀಲದ ಮ್ಯಾಲ ಮಲ್ಕೊಂಡಿರ್ತಾವ ನಾಯಿ, ಎಷ್ಟ್ ಬೇಕಷ್ಟ್. ವಿಮಾನದಾಗ ತರಸೂದು ಯಾಕ?’

‘ಅವುಕ್ಕ ಟಂಡ್ರಾ ಗೊತ್ತಿಲ್ಲ.’

‘ಇದಕ್ಕ ಗೊತ್ತದ ಏನು?’

ಗೊತ್ತಿರಲಿಲ್ಲ. ವಿಚಾರಿಸಿದರೆ ರೂಬಿ ಹುಟ್ಟಿದ್ದೇ ಶಾರ್ಜಾದ ಏಳನೇ ಮಾಳಿಗೆಯ ಫ್ಲ್ಯಾಟಿನಲ್ಲಿ, ಎ.ಸಿ. ಮುಂದೆ. ಹಿಮದ ನೆಲ ಅದರ ಮುತ್ತಜ್ಜಿಯಾದರೂ ತುಳಿದಿತ್ತೋ ಇಲ್ಲವೋ. ಹಿಮವನ್ನೇ ನೋಡದೆ ಅಷ್ಟು ದಪ್ಪ ಉಣ್ಣೆಯ ಅಂಗಿ ತೊಟ್ಟು ಓಡಾಡುವ ಆ ಜೀವಕ್ಕೂ, ಹಿಮವನ್ನೇ ನೋಡದೆ ಅದರ ಪಾಠ ಹೇಳುವ ನನಗೂ ಋಣಾನುಬಂಧ ಇದೆ ಎಂದು ಅವತ್ತೇ ನಿಶ್ಚಯ ಮಾಡಿಕೊಂಡೆ. ಆದರೆ ಮಲ್ಲು ಒಂದು ಮಾತು ಸ್ಪಷ್ಟವಾಗಿ ಹೇಳಿದ್ದ. ಊಟಿಯ ಕಡೆ ಅವನಿಗೆ ಪರಿಚಯದ ಒಂದು ಮನೆಯವರು ಇದ್ದರು, ದೊಡ್ಡ ತೋಟ, ತಂಪು ಹವೆ. ನಮ್ಮಲ್ಲಿ ಬಿಸಿಲು ಏರುವುದರೊಳಗೆ ರೂಬಿ ಹೊಂದಿಕೊಂಡು, ಹೊಟ್ಟೆ ತುಂಬ ಉಂಡುಕೊಂಡು ಇದ್ದರೆ ಸರಿ. ಇಲ್ಲದಿದ್ದರೆ ಅವರಿಗೆ ಕೊಡುವುದು. ದನದ ದವಾಖಾನೆಯ ಡಾಕ್ಟರೂ ತಲೆಯಾಡಿಸಿ ‘ಮನಸ್ಸು ಹತ್ತಿದ್ರ ಕೂಲರ್ ಮುಂದ ಬೇಸಿಗಿ ಕಳೀತದ್ರಿ, ಮನಸ್ಸ ಹತ್ತಲಿಲ್ಲಂದ್ರ ಕಷ್ಟ’ ಎಂದರು.

ಮನಸ್ಸು ಹತ್ತಿಸುವುದಕ್ಕೆ ನಾವು ಏನೂ ಕಡಿಮೆ ಮಾಡಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮರ್ಯಾದೆ ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹೈದರಾಬಾದ್ ವಿಮಾನ ನಿಲ್ದಾಣದಿಂದ ಜೀಪಿನಲ್ಲಿ ಪಂಜರದ ಸಮೇತ ಬಂದಿಳಿದ ರೂಬಿಗೆ ತೆಂಗಿನಕಾಯಿ ನಿವಾಳಿಸಿ, ಆರತಿ ಬೆಳಗಿ, ಹಣೆಗೆ ಕುಂಕುಮ ಹಚ್ಚಿದೆ. ಬೀಗರು ಬಂದಾಗ ಮಾತ್ರ ಹಾಸುವ ಜಮಖಾನೆ ಹಾಸಿದೆ. ಅಷ್ಟು ದಿನ ಗುರುಗುಟ್ಟಿದ್ದ ನಮ್ಮ ಮನೆಯವರು, ಬಾಗಿಲಿಗೆ ಬಂದವರು ನಾಯಿಯಾದರೇನು ಅತಿಥಿಯಲ್ಲವೇ ಎಂದು, ‘ಬರ್ರಿ ಬರ್ರಿ, ದಣದೀರಿ, ಒಳಗ ಬರ್ರಿ’ ಎಂದು ಎದುರುಗೊಂಡರು. ವಯಸ್ಸಾದ ಹೆಣ್ಣುಮಗಳು, ಪರದೇಶದಿಂದ ಬಂದವಳು, ಏಕವಚನ ನಾಲಿಗೆಗೆ ಬರಲೇ ಇಲ್ಲ. ಪಕ್ಕದ ಮನೆಯ ಶಮೀಮ್ ಆಪಾ ತಮ್ಮ ಮನೆಯ ಗೋಡೆಯಾಚೆ ನಿಂತು ‘ಅರಬ್ ಸೇ ಆಯೇ ಸೋ ಮೆಹಮಾನ್ ಹೈಂ ಜೀ’ ಎಂದು, ನಮ್ಮದು ಲಿಂಗವಂತರ ಮನೆಯಾದ್ದರಿಂದ ಅರಬರ ನಾಡಿನಿಂದ ಬಂದ ಅತಿಥಿ ಉಪವಾಸ ಬೀಳಬಾರದೆಂದು, ದಿನಾ ಕೋಳಿ ಬೇಯಿಸಿದ ಡಬ್ಬಿ ಕಳಿಸತೊಡಗಿದರು. ಓಣಿಯವರೆಲ್ಲ ಮದುವೆ ಮನೆಗೆ ಬಂದಂತೆ ಬಂದು ಎರಡು ಮಾರು ದೂರ ಕೂತು, ಕೆಳದನಿಯಲ್ಲಿ ಕುಶಲ ವಿಚಾರಿಸಿ, ಚಹಾ ಕುಡಿದು ಹೋದರು.

ರೂಬಿಯೂ ಬೀಗತಿಯ ಹಾಗೆಯೇ ಇದ್ದಳು. ತನ್ನ ಪಂಜರದ ಬಾಯಲ್ಲಿ, ಗೇಟಿಗೆ ಮುಖ ಮಾಡಿ ಕೂತರೆ ಕೂತಳು. ತಟ್ಟೆ ಇಟ್ಟರೆ ಮುಖ ಆಚೆ ತಿರುಗಿಸುವುದು. ನಾವು ಒಳಗೆ ಹೋದ ಮೇಲೆ ನಾಲ್ಕು ತುತ್ತು ತಿಂದು, ಸಾಕ್ರಿ ಸಾಕ್ರಿ ಎಂದಂತೆ ಉಳಿದದ್ದು ಬಿಡುವುದು. ಬೊಗಳಲಿಲ್ಲ, ಊಳಿಡಲಿಲ್ಲ. ಈ ಜಾತಿಯ ನಾಯಿಗಳು ಬಾಯಿ ಬಡುಕರು, ಮನುಷ್ಯರ ಜೊತೆ ವಾದಕ್ಕೇ ನಿಲ್ಲುತ್ತವೆ ಎಂದು ಮಲ್ಲು ಹೇಳಿದ್ದ. ನಮ್ಮ ರೂಬಿ ತುಟಿ ಬಿಚ್ಚಲಿಲ್ಲ. ಬೆನ್ನ ಮೇಲೆ ಕೈಯಾಡಿಸಿದರೆ ಆಡಿಸುವಷ್ಟು ಹೊತ್ತೂ ತಾಳಿಕೊಂಡು, ಆಮೇಲೆ ಎದ್ದು ಮೈ ಕೊಡವಿ, ಮತ್ತೆ ಗೇಟಿನ ಕಡೆ ನೋಡುತ್ತಿದ್ದಳು. ಅವಳು ಉದುರಿಸಿದ ಕೂದಲು ಮಾತ್ರ ಮನೆಯೊಳಗೆಲ್ಲ ಧಾರಾಳವಾಗಿ ಓಡಾಡಿಕೊಂಡಿತ್ತು. ನಮ್ಮ ಮನೆಯವರ ಬಿಳಿ ಟೋಪಿ ಉಣ್ಣೆಯದಾಗಿಬಿಟ್ಟಿತ್ತು.

ಸಂಜೆ ಕರೆಂಟು ಹೋದಾಗ ನಾನು ಅವಳ ಪಕ್ಕ ಕಟ್ಟೆಯ ಮೇಲೆ ಕೂರುತ್ತಿದ್ದೆ. ಬೀದರದ ಸಂಜೆಗಾಳಿ ನಿಮಗೆ ಗೊತ್ತಿದ್ದರೆ ಗೊತ್ತು, ಹೇಳಿ ಮುಗಿಯುವುದಲ್ಲ. ಹಗಲೆಲ್ಲ ಕಾದ ಕೆಂಪುಕಲ್ಲಿನ ಮೇಲಿಂದ ಅದು ಬರುವಾಗ ಊರೇ ಒಂದು ಉಸಿರು ಬಿಟ್ಟಂತಿರುತ್ತದೆ. ಅಂಥ ಹೊತ್ತಿನಲ್ಲಿ ಅವಳಿಗೆ ಟಂಡ್ರಾ ಪಾಠ ಹೇಳುತ್ತಿದ್ದೆ. ‘ನಿಮ್ಮ ಹಿರಿಯರು ಹಿಂಗ ಹಿಂಗ ಇದ್ದರ್ರಿ ರೂಬಿ ಅವರ, ರಾತ್ರಿ ಅಂದ್ರ ತಿಂಗಳುಗಟ್ಟಲೆ ರಾತ್ರಿನೇ ಇರ್ತದ್ರಿ ಅಲ್ಲಿ.’ ಅವಳ ನೀಲಿ ಕಣ್ಣು ಮಬ್ಬಿನಲ್ಲಿ ಹೊಳೆಯುತ್ತಿತ್ತು. ನಾನು ಹೇಳುತ್ತ ಹೇಳುತ್ತ ಎಲ್ಲಿಗೋ ಹೋಗಿಬಿಡುತ್ತಿದ್ದೆ. ಗಂಜಿನ ಬೀದಿಯಲ್ಲೆಲ್ಲ ಹಿಮ ಬಿದ್ದು, ತೊಗರಿ ಚೀಲ ಹೇರಿದ ಬಂಡಿಯನ್ನು ರೂಬಿ ಎಳೆಯುತ್ತ, ಮೇಲೆ ನಮ್ಮ ಮನೆಯವರು ಟೋಪಿ ಹಿಡಿದುಕೊಂಡು ಕೂತಿರುವಂತೆ ಕಾಣುತ್ತಿತ್ತು. ಕರೆಂಟು ಬಂದಾಗ ನೋಡಿದರೆ ಅವಳ ಮುಖ ಗೇಟಿಗೇ ಇರುತ್ತಿತ್ತು. ನಿಜ ಹೇಳುತ್ತೇನೆ, ಆ ಕಬ್ಬಿಣದ ಗೇಟಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಬಿಟ್ಟು ಹೋದವರಿಗಾಗಿ ಇವಳು ಕಾಯಬೇಕು, ಇವಳಿಗಾಗಿ ನಾನು ಕಾಯಬೇಕು, ಇದೆಂಥ ನ್ಯಾಯ ಎಂದು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡೆ.

ಶಿವರಾತ್ರಿ ಕಳೆಯಿತು. ಬಿಸಿಲು ಚುರುಕಾಯಿತು. ಮಲ್ಲು ಫೋನು ಮಾಡಿ, ಮುಂದಿನ ವಾರ ಊಟಿಗೆ ಗಾಡಿ ಗೊತ್ತು ಮಾಡುತ್ತೇನೆ, ಹಟ ಬೇಡ, ಅದರ ಜೀವದ ಪ್ರಶ್ನೆ ಎಂದ. ನಾನು ಹ್ಞೂಂ ಎಂದೆ. ದುಃಖವಾದಾಗ ನನಗೆ ಕೆಲಸ ಹೆಚ್ಚು ಮಾಡುವ ಚಟ. ಭಾನುವಾರ ಬೆಳಿಗ್ಗೆ ಎದ್ದವಳೇ ದೊಡ್ಡ ಪಾತೇಲಿಯಲ್ಲಿ ಅಕ್ಕಿಹಿಟ್ಟು ಬೇಯಿಸಿ, ಮಾಳಿಗೆಯ ಮೇಲೆ ಬಿಳಿ ಧೋತರ ತೊಯ್ಸಿ ಹಾಸಿ, ಅದರ ತುಂಬ ಸಂಡಿಗೆ ಇಟ್ಟೆ. ಸೊಂಟ ಹಿಡಿದುಕೊಂಡಿತು. ಕೆಳಗಿಳಿದು ಒಂದು ಲೋಟ ನೀರು ಕುಡಿದು ಮೇಲೆ ಹೋಗಿ ನೋಡಿದರೆ, ಬಿಳಿ ಧೋತರದ ಮೇಲೆ, ಬಿಳಿ ಸಂಡಿಗೆಗಳ ನಟ್ಟನಡುವೆ, ನಾಲ್ಕೂ ಕಾಲು ಚಾಚಿ, ತಂಪಿಗೆ ಹೊಟ್ಟೆ ಹಚ್ಚಿ, ರೂಬಿ ಮಲಗಿದ್ದಳು. ಎಲ್ಲಿ ನೋಡಿದರೂ ಬಿಳುಪು, ಒಂದಿಷ್ಟೂ ಸಪ್ಪಳ ಇಲ್ಲ. ನಾನು ಇಷ್ಟು ವರ್ಷ ಹಲಗೆಯ ಮೇಲೆ ಬರೆದದ್ದು ಕಣ್ಣೆದುರಿಗೆ ಬಂದು ಬಿದ್ದಿತ್ತು. ಕನಸು ಕಾಣುವವಳಾದ ನಾನು ಕೈಮುಗಿದು ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ.

‘ಏ ಮೂದೇವಿ! ಏಳ ಮ್ಯಾಲ! ಬೆಳಗಿನಿಂದ ಸೊಂಟ ಮುರಕೊಂಡು ಇಟ್ಟೇನಿ, ಬಂದು ಬೀಳ್ತೀ? ಉಣ್ಣು ಅಂದ್ರ ಉಣ್ಣಂಗಿಲ್ಲ, ಮಾತಾಡ್ಸಿದ್ರ ಮಾತಾಡಂಗಿಲ್ಲ, ಸಂಡಿಗಿ ಮ್ಯಾಲ ಮಲಗಾಕ ಬರ್ತದ? ಯಾರ ಮನಿ ಅಂದ್ಕೊಂಡೀ ಇದು?’

ರೂಬಿ ಎದ್ದಳು. ಹೊಟ್ಟೆಗೆ ಹತ್ತಿಪ್ಪತ್ತು ಸಂಡಿಗೆ ಅಂಟಿಕೊಂಡಿದ್ದವು. ಕಿವಿ ನೆಟ್ಟಗಾದವು. ನನ್ನ ಮುಖವನ್ನೇ, ಮೊದಲ ಸಲ ನನ್ನ ಮುಖವನ್ನೇ ನೋಡಿ, ಕತ್ತು ಮೇಲೆತ್ತಿ ‘ಊಂವೂಂವೂಂ ವೂಂ!’ ಎಂದಳು. ನಾನು ಕೂಗಿದೆ, ಅವಳು ಕೂಗಿದಳು. ನಾನು ಸೌಟು ಎತ್ತಿದೆ, ಅವಳು ಕಾಲು ಅಪ್ಪಳಿಸಿದಳು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಅವಳು ಉಳಿದದ್ದು ಪೂರೈಸಿದಳು. ಶಾರ್ಜಾದಿಂದ ಇಲ್ಲಿಯ ತನಕ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಆ ಮಾಳಿಗೆಯ ಮೇಲೆ ಕಕ್ಕಿದಳೇನೋ. ಶಮೀಮ್ ಆಪಾ ತಮ್ಮ ಮಾಳಿಗೆಯಿಂದ ‘ಅಯ್ಯೋ ಟೀಚರಮ್ಮ, ಬಸ್ ಕರೋ ಮಾ, ಅಕ್ಕ ತಂಗಿ ಜಗಳಾ ಆಡಿದಂಗ ಆಡ್ತೀರಲ್ಲ’ ಎಂದು ನಗತೊಡಗಿದರು. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಕೆಳಗೆ ಬಂದವಳು ರೂಬಿ ಪಂಜರದ ಕಡೆ ಹೋಗಲಿಲ್ಲ. ಹಜಾರದ ಜಮಖಾನೆ ದಾಟಿ ಸೀದಾ ಅಡುಗೆಮನೆಯ ಬಾಗಿಲಿಗೆ ಅಡ್ಡ ಬಿದ್ದುಕೊಂಡು, ಹೊಟ್ಟೆಗೆ ಅಂಟಿದ ಸಂಡಿಗೆ ಒಂದೊಂದಾಗಿ ನೆಕ್ಕಿ ಮುಗಿಸಿ, ಒಂದು ಜೋಳದ ರೊಟ್ಟಿ ತಿಂದು, ಶಮೀಮ್ ಆಪಾ ಕಳಿಸಿದ ಡಬ್ಬಿಯನ್ನು ತಳ ಕಾಣುವಂತೆ ಖಾಲಿ ಮಾಡಿದಳು. ಆಗ ನನ್ನ ಮಂಕು ತಲೆಗೆ ಹೊಳೆಯಿತು. ಬೀಗತಿಯಂತೆ ನೋಡಿಕೊಂಡರೆ ಬೀಗತಿ ಏನು ಮಾಡಬೇಕು? ಗಾಡಿ ಯಾವಾಗ ಬರುತ್ತದೆಂದು ನೋಡುತ್ತ ಕೂರಬೇಕು. ಅವತ್ತೇ ಜಮಖಾನೆ ಮಡಿಚಿ ಅಟ್ಟಕ್ಕೆ ಹಾಕಿದೆ, ಪಂಜರವನ್ನು ಮಾಳಿಗೆಗೆ ಸಾಗಿಸಿದೆ. ನಮ್ಮ ಮನೆಯವರಿಗೆ ರೂಢಿ ತಪ್ಪಲು ಸ್ವಲ್ಪ ದಿನ ಬೇಕಾಯಿತು. ‘ಸ್ವಲ್ಪ ಸರೀರಿ’ ಎಂದು ಕೇಳಿಕೊಂಡು ನಿಂತಿರುತ್ತಿದ್ದರು, ಅವಳು ಕದಲುತ್ತಿರಲಿಲ್ಲ. ‘ಏ, ಸರಿ!’ ಎಂದ ದಿನ ಒಂದಿಷ್ಟು ಗೊಣಗಿ ಸರಿದಳು. ಊಟಿಯ ಗಾಡಿ ರದ್ದಾಯಿತು. ಬೇಸಿಗೆಯನ್ನು ಅವಳು ಕೂಲರಿನ ಮುಂದೆ ಮಲಗಿ ಕಳೆದಳು, ನಾವು ಅವಳ ಹಿಂದೆ ಬೆವರುತ್ತ ಕಳೆದೆವು.

ಮಳೆ ಶುರುವಾದ ಮೇಲೆ ಅವಳನ್ನು ಔರಾದಿಗೆ ಕರೆದುಕೊಂಡು ಹೋದೆವು. ಅಲ್ಲಿ ನಮ್ಮ ಅತ್ತೆ, ಮೈದುನ, ನೆಗೆಣ್ಣಿ, ಅವರ ಮಕ್ಕಳು, ಕೊಟ್ಟಿಗೆ ತುಂಬ ದೇವಣಿ ತಳಿಯ ದನ, ಒಟ್ಟಿನಲ್ಲಿ ಗಿಜಿಗಿಜಿ ಮನೆ. ಅತ್ತೆ ಹೋರಿ ಕೊಳ್ಳುವವರ ಹಾಗೆ ರೂಬಿಯ ತುಟಿ ಎತ್ತಿ ಹಲ್ಲು ನೋಡಿದರು, ಬೆನ್ನ ಮೇಲೆ ಸುಳಿ ಹುಡುಕಿದರು, ಕೂದಲು ಬಹಳವಾಗಿ ಸಿಗದೆ ಬಿಟ್ಟರು. ಚಹಾ ಆಗುವುದರೊಳಗೆ ಅವಳನ್ನು ಬೈಯತೊಡಗಿದ್ದರು. ‘ಏ ರೂಬಿ, ಕಾಲಾಗ ಬರಬ್ಯಾಡ! ಏ ಹಾಳಾದದ್ದೇ, ಮಜ್ಜಿಗಿ ಮಡಕಿ ಬಿಡ!’ ರೂಬಿಯೂ ಅಷ್ಟೇ ಗಟ್ಟಿಯಾಗಿ ಉತ್ತರ ಕೊಡುತ್ತ ಒಲೆಯ ಪಕ್ಕ ಜಾಗ ಹಿಡಿದಳು. ನಾನು ಖುಷಿಯಿಂದ ಹಿಂದೆಯೇ ಒಳಗೆ ಕಾಲಿಟ್ಟೆ. ಅತ್ತೆ ತಟ್ಟನೆ ಸೆರಗು ಸರಿಮಾಡಿಕೊಂಡರು.

‘ಅಕ್ಕೋರ, ನೀವು ಹೊರಗ ಕುಂದರ್ರಿ. ಒಳಗ ಹೊಗಿ ಅದ. ಫ್ಯಾನ್ ಹಚ್ಚತೇನಿ.’

ನೌಕರಿಯಲ್ಲಿರುವಾಗಲೇ ಮದುವೆಯಾಗಿ ಬಂದವಳು ನಾನು. ಊರವರು ಶಾಲೆಯ ಟೀಚರನ್ನು ಕರೆಯುವಂತೆಯೇ ಅತ್ತೆಯೂ ನನ್ನನ್ನು ಅಕ್ಕೋರ ಎಂದೇ ಕರೆದುಕೊಂಡು ಬಂದಿದ್ದಾರೆ. ನನಗೊಂದು ಕುರ್ಚಿ, ಒಂದು ತಾಟು, ಒಂದು ಫ್ಯಾನು. ನೆಗೆಣ್ಣಿಗೆ ಉಪ್ಪು ಹೆಚ್ಚಾದರೂ ಬೈಗುಳ, ಕಡಿಮೆಯಾದರೂ ಬೈಗುಳ. ನನಗೆ ಇಷ್ಟು ವರ್ಷದಲ್ಲಿ ಒಂದು ಬಿರುಸು ಮಾತಿಲ್ಲ. ‘ನನ್ನ ಅತ್ತಿ ನನಗ ಏನೂ ಅನ್ನಂಗಿಲ್ಲ’ ಎಂದು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಜಂಬ ಕೊಚ್ಚಿದ್ದೇನೋ. ಅವತ್ತು ಆ ಕುರ್ಚಿಯ ಮೇಲೆ, ತಿರುಗುವ ಫ್ಯಾನಿನ ಕೆಳಗೆ, ಬಾಗಿಲ ಕಡೆ ಮುಖ ಮಾಡಿ ಕೂತವಳಿಗೆ ಗೇಟಿಗೆ ಮುಖ ಮಾಡಿ ಕೂತಿದ್ದ ರೂಬಿ ನೆನಪಾದಳು. ಒಳಗಿನಿಂದ ನಾಯಿಗೆ ಬೀಳುತ್ತಿದ್ದ ಬೈಗುಳ ಒಂದೊಂದೂ ಕೇಳಿಸುತ್ತಿತ್ತು.

ಎದ್ದೆ. ಒಳಗೆ ಹೋಗಿ, ಯಾರ ಅಪ್ಪಣೆಯನ್ನೂ ಕೇಳದೆ, ಒಲೆಯ ಮುಂದೆ ರೂಬಿಯ ಪಕ್ಕ ಕೂತು, ಹಿಟ್ಟಿನ ಪರಾತ ಎಳೆದುಕೊಂಡೆ. ನೀರು ಜಾಸ್ತಿಯಾಯಿತು. ಹಿಟ್ಟು ಹಾಕಿದೆ, ಜಾಸ್ತಿಯಾಯಿತು. ತಟ್ಟಿದ ರೊಟ್ಟಿ ಹೆಂಚಿಗೆ ಹೋಗುವ ದಾರಿಯಲ್ಲಿ ಹರಿದು ಅರ್ಧ ಒಲೆಗೆ, ಅರ್ಧ ರೂಬಿಯ ಮೂತಿಗೆ ಬಿತ್ತು. ಅವಳು ಸೀನಿದಳು, ಹಿಟ್ಟೆಲ್ಲ ಮನೆ ತುಂಬ ಹಾರಿತು.

‘ಏಯ್, ಸರಿ ಅತ್ಲಾಗ!’ ಎಂದು ಅತ್ತೆ ಗುಡುಗಿದರು. ‘ಹಿಟ್ಟೆಲ್ಲ ಹಾಳ ಮಾಡಿ ಇಟ್ಟಿ!’

ಇಬ್ಬರೂ ಸರಿದು, ಗೋಡೆಗೆ ಬೆನ್ನು ಹಚ್ಚಿ, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತೆವು. ಅತ್ತೆ ಬೈದದ್ದು ನಾಯಿಗೆ, ನಿನಗೆ ಹಾಗೆ ಎಂದೂ ಅನ್ನುವವರಲ್ಲ ಎಂದು ಅವತ್ತು ಬಾಗಿಲಲ್ಲಿ ನಿಂತು ಕಂಡ ನಮ್ಮ ಮನೆಯವರು ಇವತ್ತಿಗೂ ವಾದಿಸುತ್ತಾರೆ. ವಾದಿಸಲಿ. ಬೈಗುಳ ಬಿದ್ದಾಗ ಮೊದಲು ಸರಿದವಳು ನಾನು.