ರೆಕಾರ್ಡ್ ರೂಮಿನ ಶಿವಯೋಗಿಯವರು ಬ್ರೌಸರ್ ಆರಿಸಿದ್ದು

ಮೂವತ್ತೊಂದು ವರ್ಷ ಶಿಕಾರಿಪುರದ ಸರ್ಕಾರಿ ಕಚೇರಿಯಲ್ಲಿ ರೆಕಾರ್ಡ್ ರೂಮು ಕಾದ ಶಿವಯೋಗಿಯವರ ಮಾನವನ್ನು ಒಂದು ಜುಜುಬಿ ಫೋನು ಹೀಗೆ ಹರಾಜು ಹಾಕಬಹುದೇ? ಅರ್ಜಿ, ಸ್ಟಾಂಪು, ಸಹಿ ಇಲ್ಲದೆ ಅಣ್ಣನ ಕಡತವನ್ನು ಸ್ವಂತ ತಮ್ಮನಿಗೂ ತೋರಿಸಿದವರಲ್ಲ ಅವರು. ಅಂಥವರು ನಿವೃತ್ತರಾದ ಮೇಲೆ, ಹೋದ ತಿಂಗಳು, ಒಂದೇ ಒಂದು ಸಲ, ಅದೂ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ‘ಹೆಂಡತಿಯ ಗೊರಕೆಗೆ ಮದ್ದು’ ಎಂದು ಹುಡುಕಿದ್ದರು. ಅಷ್ಟಕ್ಕೇ, ಪಂಚಾಂಗ ನೋಡಹೋದರೆ ಗೊರಕೆ ತಡೆಯುವ ಮೂಗುಪಟ್ಟಿಯ ಜಾಹೀರಾತು, ಮೆಕ್ಕೆಜೋಳದ ರೇಟು ನೋಡಹೋದರೆ ಗೊರಕೆಯ ದಿಂಬು, ಯಾರದೋ ಮರಣವಾರ್ತೆಯ ನಡುವೆಯೂ ಬಾಯಿ ತೆರೆದು ಮಲಗಿದವರ ಚಿತ್ರ.

ಮನೆಯಲ್ಲಿದ್ದ ದೊಡ್ಡ ಫೋನು ಅದೊಂದೇ. ಅಡುಗೆ ಮುಗಿದೊಡನೆ ಅದು ಹೆಂಡತಿ ಜ್ಯೋತಿಲಕ್ಷ್ಮಿಯ ಕೈಗೆ ಹೋಗುತ್ತಿತ್ತು. ತನಗೆ ಗೊರಕೆಯಿದೆ ಎಂಬುದನ್ನು ಮದುವೆಯಾದ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಒಪ್ಪಿದವಳಲ್ಲ ಆಕೆ. ಹಿಂದೊಮ್ಮೆ ಬಾಯಿತಪ್ಪಿ ಅಂದಿದ್ದಕ್ಕೆ ಎಂಟು ದಿನ ಮಾತು ಬಿಟ್ಟಿದ್ದಳು. (ಸಾರು ಕೂಡ ಆ ಎಂಟು ದಿನ ಉಪ್ಪು ಬಿಟ್ಟಿತ್ತು.) ಈಗ ಹುಡುಕಿದ್ದೇ ಗೊತ್ತಾದರೆ ಗತಿಯೇನು?

“ಯಾರಪ್ಪನ ಮನೆ ಗಂಟು ಅಂತ ನನ್ನ ವಿಷ್ಯ ಊರಿಗೆಲ್ಲ ಹಂಚ್ತಾರೆ ಇವ್ರು?” ಎಂದು ಶಿವಯೋಗಿಯವರು ಸೊರಬದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಭಾಮೈದ ಯತೀಶನಿಗೆ ಫೋನು ಮಾಡಿ ಗುಡುಗಿದರು.

“ಬ್ರೌಸರ್ ಬದಲಾಯ್ಸಿ ಭಾವ. ಜಾಹೀರಾತು ತಡೆಯೋವು, ಗುಟ್ಟು ಕಾಯೋವು ಬೇಕಾದಷ್ಟು ಇದಾವೆ. ಅದಿರ್ಲಿ, ಅಂಥದ್ದೇನು ನೋಡಿದ್ರಿ?”

“ಅದೆಲ್ಲ ನಿಂಗ್ಯಾಕೆ?”

ತಹಶೀಲ್ದಾರರ ಮುಂದೆ ಕಡತ ಮಂಡಿಸುವ ಗಾಂಭೀರ್ಯದಿಂದ ಆಯ್ಕೆ ಶುರುವಾಯಿತು. ಮೊದಲನೆಯದು ಜಾಹೀರಾತು ತಡೆಯುತ್ತೇನೆಂದು ಹೇಳಿ ತಾನೇ ಒಂದು ಜಾಹೀರಾತು ತೋರಿಸಿತು. ವಜಾ. ಎರಡನೆಯದು ಫೋನಿನಲ್ಲಿರುವ ಎಲ್ಲರ ನಂಬರು ನೋಡಲು ಅನುಮತಿ ಕೇಳಿತು. “ಪಂಚಾಂಗ ತೋರ್ಸಾಕೆ ನಮ್ಮ ಷಡ್ಡಕನ ನಂಬರು ಯಾಕಲೇ ನಿಂಗೆ?” ಎಂದು ಫೋನಿಗೇ ಬೈದು ಅದನ್ನೂ ಕಿತ್ತೊಗೆದರು. ಮೂರನೆಯದರ ಷರತ್ತುಗಳನ್ನು ಕನ್ನಡಕ ಒರೆಸಿಕೊಂಡು ಎರಡು ಮಧ್ಯಾಹ್ನ ಓದಿದರು. ಯಾರನ್ನೂ ಹಿಂಬಾಲಿಸಲು ಬಿಡುವುದಿಲ್ಲ, ಮುಚ್ಚಿದೊಡನೆ ಎಲ್ಲವನ್ನೂ ಮರೆಯುತ್ತದೆ. ಮಂಜೂರಾಯಿತು. ಹಳೆಯ ಬ್ರೌಸರಿನಲ್ಲಿದ್ದುದನ್ನೆಲ್ಲ ಒಂದಕ್ಷರ ಬಿಡದೆ ಅಳಿಸಿದರು. ಮೇಲಿನವರ ಆದೇಶವಿಲ್ಲದೆ ತಮ್ಮ ಜನ್ಮದಲ್ಲಿ ಅವರು ನಾಶಮಾಡಿದ ಮೊದಲ ದಾಖಲೆ ಅದು. ಮೂಗುಪಟ್ಟಿ ಇಲ್ಲದ ಪಂಚಾಂಗ ನೋಡಿ ಎಲೆ-ಅಡಿಕೆ ಹಾಕಿಕೊಂಡರು.

ಆ ನೆಮ್ಮದಿ ಸಂಜೆಯ ಕಾಫಿಯವರೆಗೆ ಬಾಳಿತು.

“ರೀ, ನಾನು ತೆಗೆದಿಟ್ಟಿದ್ದ ಪುಟಗಳೆಲ್ಲ ಎಲ್ಲಿ ಹೋದ್ವು? ಒಂದು ತಿಂಗ್ಳಿಂದ ಹುಡುಕಿ ಹುಡುಕಿ ಇಟ್ಕೊಂಡಿದ್ದೆ. ಅಳಿಸಿ ಮುಚ್ಚಿಡೋ ಅಂಥದ್ದು ಏನು ನೋಡಿದ್ರಿ ಈ ವಯಸ್ಸಲ್ಲಿ?”

ಆಕೆಯ ಅನುಮಾನ ಯಾವ ಕಡೆ ಹೊರಟಿದೆಯೆಂದು ಶಿವಯೋಗಿಯವರಿಗೆ ಹೊಳೆಯಿತು. ಸುಮ್ಮನಿದ್ದರೆ ಮರ್ಯಾದೆ ಹೋಗುತ್ತದೆ, ಹೇಳಿದರೆ ಸಾರಿನ ಉಪ್ಪು ಹೋಗುತ್ತದೆ. ಮರ್ಯಾದೆ ದೊಡ್ಡದೆನಿಸಿತು.

“ಗೊರಕೆ ಮದ್ದು ಕಣೇ. ನಿಂದು. ಒಂದೇ ಸಲ ಹುಡುಕಿದ್ದೆ. ಆ ದರಿದ್ರದವು ದಿನಾ ತೋರ್ಸಿ ತೋರ್ಸಿ ನನ್ನ ಜೀವ ತಿಂದ್ವು.”

ಜ್ಯೋತಿಲಕ್ಷ್ಮಿ ಲೋಟ ಕೆಳಗಿಟ್ಟಳು. “ನಂದಾ? ನಾನು ತಿಂಗ್ಳಿಂದ ಹುಡುಕ್ತಿದ್ದಿದ್ದು ನಿಮ್ಮ ಗೊರಕೆಗೆ. ಆ ಪಟ್ಟಿ, ದಿಂಬು ಎಲ್ಲ ಬಂದಿದ್ದು ನಿಮ್ಮ ಸಲುವಾಗಿ.”

“ಸುಳ್ಳು. ನಾನು ಗೊರಕೆ ಹೊಡೆಯೋನೇ ಅಲ್ಲ. ದಾಖಲೆ ಏನೈತಿ?”

ಆಕೆ ವಾದಕ್ಕೆ ನಿಲ್ಲಲಿಲ್ಲ. ಇನ್ನೊಬ್ಬರ ಕಡತವೆಂದು ಶಿವಯೋಗಿಯವರು ಎಂದೂ ಇಣುಕಿರದ ‘ಸೊರಬದ ತವರು’ ಎಂಬ ವಾಟ್ಸಾಪ್ ಗುಂಪು ತೆರೆದು, ರಾತ್ರಿ ತಾನೇ ರೆಕಾರ್ಡ್ ಮಾಡಿ ಹಾಕಿದ್ದ ಧ್ವನಿಯೊಂದನ್ನು ಒತ್ತಿದಳು. ಮೆಕ್ಕೆಜೋಳ ಬಿಡಿಸುವ ಯಂತ್ರದಂಥ ಸದ್ದು ಪಡಸಾಲೆ ತುಂಬಿತು. ನಡುನಡುವೆ “ಹೂಂ, ಅರ್ಜಿ ಕೊಡಿ” ಎಂಬ ಕನವರಿಕೆ. ಧ್ವನಿ ನಿಸ್ಸಂದೇಹವಾಗಿ ಅವರದೇ.

“ಯಾರಿಗಾದ್ರೂ ಮದ್ದು ಗೊತ್ತಿದ್ರೆ ಹೇಳ್ಲಿ ಅಂತ ಹಾಕಿದ್ದೆ” ಎಂದಳು.

ನಲವತ್ತಾರು ಜನ ಕೇಳಿಯಾಗಿತ್ತು. ಯತೀಶ ನಗುವ ಮುಖಗಳನ್ನು ಸಾಲಾಗಿ ಜೋಡಿಸಿದ್ದ. ಎಲ್ಲಕ್ಕಿಂತ ಕೆಳಗೆ ಶಿವಯೋಗಿಯವರ ಅತ್ತೆ ವರದಮ್ಮನವರ ಧ್ವನಿಯಿತ್ತು: “ಜ್ಯೋತೀ, ಪಕ್ಕದ ಮನೆಯವ್ರನ್ನೂ ಕರ್ದು ಕೇಳ್ತಾ ಕೂತಿದ್ವಿ, ಅರ್ಧಕ್ಕೇ ನಿಂತೋತು. ನಾಳೆ ಅಳಿಯಂದಿರದ್ದು ಪೂರ್ತಿ ಕಳ್ಸು ಮಾರಾಯ್ತಿ.”