ನಾಕು ಬಣ್ಣದ ಶಾಲು, ಇಬ್ಬರು ಬೀಗತೇರು

ಗೋಕಾಕದಾಗ ನಮ್ಮ ಮನಿ ಪಡಸಾಲ್ಯಾಗ ನಾ ಹೆಣ್ಣಮಕ್ಕಳಿಗೆ ಕ್ರೋಶಾ ಹೆಣಿಕಿ ಕಲಸ್ತೇನಿ. ಒಂದ ಬಣ್ಣದ ಉಲನ್ ಕೊಟ್ಟು ಕೂಡಸ್ರಿ, ಎಲ್ಲಾರೂ ಶಾಂತ ಮೂರ್ತಿಗೋಳು. ಎರಡನೇ ಬಣ್ಣ ಕೈಗೆ ಕೊಡ್ರಿ, ಅಲ್ಲಿಗೆ ಮುಗೀತು. ಬಣ್ಣ ಹೆಂಗ ಬದಲ್ ಮಾಡಬೇಕು ಅಂತ ಒಬ್ಬಾಕಿ ಒಂದು ಹೇಳ್ತಾಳ, ಇನ್ನೊಬ್ಬಾಕಿ ಮತ್ತೊಂದು ಹೇಳ್ತಾಳ, ನಡುವ ನನ್ನ ತಲಿ ಗಿರ್ ಅಂತೈತಿ. ಇದು ದಿನಾ ಇದ್ದದ್ದ. ಆದ್ರ ಈ ವರ್ಷ ನಮ್ಮ ಮನ್ಯಾಗ ಆದದ್ದು ನೆನಸಿದ್ರ ಈಗೂ ಊಟದ ಗಂಗಾಳದ ಮುಂದ ಕುಂತು ಒಬ್ಬಾಕಿನ ನಗ್ತೇನಿ.

ನಮ್ಮಕ್ಕನ ಮನಿ ಮೂಡಲಗ್ಯಾಗ ಐತಿ. ಆಕಿ ಮಗಳನ್ನ ಹುಕ್ಕೇರಿಗೆ ಕೊಟ್ಟೇವಿ. ಆ ಹುಡುಗಿ ಗಂಡುಕೂಸ ಹಡದು ತವರಮನ್ಯಾಗ ಬಾಣಂತನಕ್ಕ ಇದ್ಲು. ಒಂದಿನ ನನಗ ಫೋನ್ ಹಚ್ಚಿದ್ಲು.

"ಚಿಗವ್ವಾ, ನಮ್ಮವ್ವ ಕೂಸಿಗೆ ಒಂದು ಶಾಲು ಹೆಣೀತೇನಿ ಅಂತಾಳ. ನಮ್ಮ ಅತ್ತಿ ಒಂದು ಹೆಣೀತೇನಿ ಅಂತಾರ. ಹೆಸರಿಡೂ ದಿನ ನಾ ಯಾರದ ಹೊಚ್ಚಲಿ? ಯಾರದ ಹೊಚ್ಚಿದ್ರೂ ಇನ್ನೊಬ್ಬರು ಉಣ್ಣದ ಎದ್ದು ಹೋಗ್ತಾರ. ಇಬ್ಬರೂ ಕೂಡಿ ಒಂದ ಶಾಲು ಹೆಣ್ಯೂ ಹಂಗ ಮಾಡು. ಆ ದಿವಸ ಜಗಳ ಆಗಲಾರ್ದ ಕಳದ್ರ ಸಾಕು, ಮತ್ತೇನೂ ಬ್ಯಾಡ ನನಗ."

ಹುಡುಗಿ ದನಿ ಅಳೂ ಹಂಗಾಗಿತ್ತು. ಹೂಂ ಅಂದ್ನಿ. ಮೂಡಲಗಿಗೂ ಹುಕ್ಕೇರಿಗೂ ನಡುವ ನನ್ನ ಮನಿ. ಹಿಂಗಾಗಿ ವಾರಕ್ಕೊಮ್ಮೆ ಬೀಗತೇರು ಇಬ್ಬರೂ ಇಲ್ಲೇ ಬಂದು ಹೆಣೀಬೇಕು ಅಂತ ಠರಾವ ಆತು. ಬಿಳೇ ಶಾಲು, ಅದರ ಮ್ಯಾಲ ಹಸರ ಗಿಳಿ, ಕೆಂಪ ಚುಂಚ, ಹಳದಿ ಅಂಚು.

೧. ಗಂಟು

ಹುಕ್ಕೇರಿ ಬೀಗತೀದು ಕತ್ತರಿ ಪದ್ಧತಿ. ಬಣ್ಣ ಬದಲಾತು ಅಂದ್ರ ಹಳೇ ದಾರ ಕಚ್ಚನ ಕತ್ತರಸೂದು, ಹೊಸಾದಕ್ಕ ಗಂಟ ಹಾಕೂದು. ಒಂದು ಗಿಳಿ ಮುಗ್ಯೂದ್ರಾಗ ಶಾಲಿನ ಬೆನ್ನತುಂಬ ದಾರದ ತುದಿ ಜೋತಬಿದ್ದಿದ್ದು. ನಮ್ಮಕ್ಕ ಶಾಲು ತಿರುವಿ ನೋಡಿದ್ಲು.

"ಏನ್ರೀ ಬೀಗ್ರ, ಇದನ್ನ ಕೂಸಿಗೆ ಹೊಚ್ಚೂದೋ, ದಿನಾ ಎಣ್ಣಿ ಹಚ್ಚಿ ಬಾಚೂದೋ?"

ಬೀಗತಿ ತಲಿ ಸುದ್ಧಾ ಎತ್ತಲಿಲ್ಲ. "ಗಂಟ ಹಾಕಿದ್ದ ಗಟ್ಟಿ ಇರ್ತೈತ್ರಿ. ನಿಮ್ಮ ಮಗಳಿಗೂ ನಮ್ಮ ಮಗಗೂ ಹಾಕಿದ್ದು ಗಂಟ ಅಲ್ಲೇನು? ಗೋಂದ ಹಚ್ಚಿ ಅಂಟಸೇವೇನು?"

ನಾ ಚಾ ಇಡೂ ನೆವ ಮಾಡಿ ಒಳಗ ಹೋಗಿ, ಸೆರಗ ಬಾಯಾಗ ತುರಕಿಕೊಂಡು ನಕ್ಕನಿ.

೨. ಹೊಟ್ಟ್ಯಾಗಿನ ಕೆಂಪು

ಶಾಲು ಬಿಚ್ಚಿ ಮತ್ತ ಸುರು ಮಾಡಿದ್ವಿ. ಈಗ ಅಕ್ಕನ ಪಾಳಿ. ಆಕೀದು ಬಚ್ಚಿಡೂ ಪದ್ಧತಿ. ಬಿಳೇದು ಹೆಣಿಯೂ ಮುಂದ ಕೆಂಪು, ಹಸರು ದಾರ ಕತ್ತರಸಂಗಿಲ್ಲ, ಬಿಳೇ ಹೆಣಿಕಿ ಹೊಟ್ಟ್ಯಾಗ ಅವನ್ನ ಮುಚಿಗೋತ ಹೋಗೂದು. ಗಂಟಿಲ್ಲ, ತುದಿ ಇಲ್ಲ, ಹಿಂದೂ ಮುಂದೂ ಸಾಪ.

"ನೋಡ್ರಿ ಬೀಗ್ರ, ಒಳಗ ಏನೈತಿ ಅಂತ ಯಾರಿಗರ ಕಾಣತೈತೇನು?" ಅಂತ ಅಕ್ಕ ಶಾಲು ಜಾಡಿಸಿ ಹಿಡದ್ಲು.

ಅದ ಹೊತ್ತಿಗೆ ಬಾಜೂ ಮನಿ ಕಾಕು ಹೆಪ್ಪಿಗೆ ಮಸರ ಇಸಗೊಳ್ಳಾಕ ಬಂದ್ಲು. ಶಾಲಿನ ಹತ್ತರ ಹೋಗಿ ಕಣ್ಣ ಸಣ್ಣ ಮಾಡಿ ನೋಡಿದ್ಲು. ಬಿಳೇದರಾಗಿಂದ ಕೆಂಪ ದಾರ ಚುಕ್ಕಿ ಚುಕ್ಕಿ ಇಣುಕತಿತ್ತು.

"ಅಯ್ಯ ನಮ್ಮವ್ವಾ, ಇದೇನ ಮೈ ತುಂಬ ಬೆವರಸಾಲಿ ಎದ್ದಾವಲ್ಲ! ಕೂಸಿಗಂತ ಪೌಡರ ತಂದಿಟ್ಟಿರ್ತೀರಿ, ಇದಕ್ಕೂ ಒಂದೀಟು ಹಚ್ಚ್ರಿ."

ಬೀಗತಿ ಆ ದಿನ ಕಾಕೂಗ ಮಸರಿನ ಜೊತಿ ಎರಡು ಕರದಂಟಿನ ತುಂಡೂ ಕೊಟ್ಟ ಕಳಿಸಿದ್ಲು. ಕರದಂಟು ನಂದು, ಖುಷಿ ಆಕೀದು.

೩. ಕಲ್ಲೋಳಿಗೆ ಇಳದ ದಾರ

ಇನ್ನ ನಾ ಬಾಯಿ ಹಾಕಲೇಬೇಕಾತು. "ಇಬ್ಬರದೂ ಬ್ಯಾಡ. ಒಂದೊಂದು ಗಿಳಿಗೆ ಒಂದೊಂದು ಸಣ್ಣ ದಾರದ ಉಂಡಿ ಸುತ್ತಿಟ್ಕೊರಿ. ಆ ಗಿಳಿ ಬಂದಾಗ ಆ ಉಂಡಿ ಹಿಡೀರಿ, ಮುಗದ ಮ್ಯಾಲ ಅಲ್ಲೇ ಜೋತಬಿಡ್ರಿ. ಕತ್ತರಸೂದೂ ಇಲ್ಲ, ಬಚ್ಚಿಡೂದೂ ಇಲ್ಲ," ಅಂದ್ನಿ. ಉಂಡಿ ಉರಳಬಾರದಂತ ರಟ್ಟಿನ ತುಂಡಿಗೆ ಸುತ್ತ್ರಿ ಅಂತ ಹೇಳಿದ್ನಿ, ಖರೆ. ನನ್ನ ಮಾತ ಯಾರ ಕೇಳ್ತಾರ?

ಅಕ್ಕ ಉಂಡಿ ಎಲ್ಲಾ ಚೀಲದಾಗ ತುಂಬಿಕೊಂಡು ಮೂಡಲಗಿ ಬಸ್ ಹತ್ತಿದ್ಲು. ಕುಂತಾಕಿ ಸುಮ್ಮನರ ಇರಬೇಕಿಲ್ಲ? ಶಾಲು ತಗದು ಹೆಣ್ಯಾಕ ಹತ್ತಿದ್ಲು. ಡ್ರೈವರ್ ಬ್ರೇಕ್ ಹಾಕಿದ. ಉಂಡಿಗೋಳು ಚೀಲ ಬಿಟ್ಟು ಸೀಟಿನ ಬುಡಕ ಓಡಿದ್ವು. ಮಂದಿ ಕಾಲಾಗ ಹಸರು, ಕೆಂಪು, ಹಳದಿ. "ಯಾರೂ ಅಳ್ಳಾಡಬ್ಯಾಡ್ರಿ, ನಿಮ್ಮ ಕಾಲಾಗ ನಮ್ಮ ಗಿಳಿ ಅದಾವು!" ಅಂತ ಅಕ್ಕ ಒದರಿದ್ಲು. ಗಿಳಿ ಅಂದಕೂಡಲೇ ಎಲ್ಲಾರೂ ಖರೇ ಗಿಳೀನ ಹುಡಕಾಕ ಕಾಲ ಎತ್ತಿದ್ರು. ದಾರ ಮತ್ತೀಟು ಸಿಕ್ಕಾತು.

ನಡುವ ಕಲ್ಲೋಳಿ ಊರಾಗ ಗೊಬ್ಬರದ ಚೀಲ ಹೊತ್ತು ಒಬ್ಬ ಕಾಕಾ ಇಳದ. ಅವನ ಚಪ್ಪಲಿಗೆ ಸಿಕ್ಕ ಹಸರ ದಾರಾನೂ ಅವನ ಜೋಡಿ ಇಳೀತು. ಅಕ್ಕನ ತೊಡಿ ಮ್ಯಾಲಿನ ಗಿಳಿ ಬಾಲದ ಕಡಿಂದ ಸರಸರ ಬಿಚ್ಚಾಕತ್ತಿತ್ತು.

ಕಂಡಕ್ಟರ್ ಸೀಟಿ ಊದಿ ಬಸ್ ನಿಂದರಿಸಿ ಅಂದ: "ಅವ್ವಾರ, ನೀವು ಮೂಡಲಗಿ ಮಟಾ ಟಿಕೆಟ್ ತಗದೀರಿ, ನಿಮ್ಮ ಗಿಳಿ ಕಲ್ಲೋಳಿಗೇ ಇಳದೈತಿ ನೋಡ್ರಿ."

೪. ತಾನ ಬದಲಾಗೂ ದಾರ

ಇದನ್ನೆಲ್ಲಾ ಕೇಳಿ ನಮ್ಮ ಯಜಮಾನ್ರು ಬೆಳಗಾವಿಂದ ಒಂದು ದಾರ ತಂದ್ರು. ಒಂದ ಉಂಡ್ಯಾಗ ಎಲ್ಲಾ ಬಣ್ಣ, ನೀವು ಬದಲ್ ಮಾಡೂದ ಬ್ಯಾಡ, ತಾನ ಬದಲಾಗತೈತಿ ಅಂದ್ರು. ಹೆಣದು ನೋಡಿದ್ವಿ. ಗಿಳಿಗೆ ಹಸರ ಚುಂಚ, ಕೆಂಪ ಕಾಲು, ಹೊಟ್ಟಿ ಅರ್ಧ ಹಳದಿ.

ಬೀಗತಿ ಮೆಲ್ಲಕ ನನ್ನ ಕಿವ್ಯಾಗ ಅಂದ್ಲು: "ಈ ದಾರಾನೂ ಗಂಡಸರಂಗ ಐತ್ರಿ. ಬದಲ್ ಆಗತೈತಿ, ನಮಗ ಬೇಕಾದಾಗ ಅಲ್ಲ."

೫. ತೊಟ್ಟಿಲು

ಹೆಸರಿಡೂ ದಿನ ಹತ್ತರ ಬಂತು, ಶಾಲು ಇನ್ನೂ ಅರ್ಧ. ಹುಡುಗಿ ದಿನಾ ಫೋನ್ ಮಾಡಿ "ಜಗಳ ಇಲ್ಲಲ್ಲ ಚಿಗವ್ವಾ?" ಅಂತ ಕೇಳ್ತಿದ್ಲು. ಕಡೀಕ ಉಳದಿದ್ದು ಒಂದ ದಾರಿ. ಕೆಲಸಿಲ್ಲದ ಬಣ್ಣಾನ ಶಾಲಿನ ಹಿಂದ ಸಡಲಾಗಿ ಎಳಕೊಂಡು ಹೋಗೂದು. ಗಂಟಿಲ್ಲ ಅಂತ ಅಕ್ಕಗ ಸಮಾಧಾನ, ಬೆವರಸಾಲಿ ಇಲ್ಲ ಅಂತ ಬೀಗತಿಗೆ ಸಮಾಧಾನ. ಲಗುಲಗು ಮುಗಿಸಿದ್ರು. ಮುಂದ ಗಿಳಿ ಭಾಳ ಚಂದ ಬಂದಿದ್ವು. ಹಿಂದ ಮಾತ್ರ ಉದ್ದಕೂ ಜೋತಬಿದ್ದ ದಾರದ ಎಳಿ.

"ಹಿಂದ ಒಂದು ಬಟ್ಟಿ ಅಸ್ತರ ಹಚ್ಚ್ರಿ, ಕೂಸಿನ ಬೆರಳ ಸಿಗತಾವು," ಅಂದ್ನಿ.

"ಅಸ್ತರ ಹಚ್ಚಿದ್ರ ನಾವು ಮಾಡಿದ್ದು ಮಂದಿಗೆ ಹೆಂಗ ತಿಳೀಬೇಕು?" ಅಂತ ಇಬ್ಬರೂ ಒಮ್ಮೆ ಅಂದ್ರು.

ನಮ್ಮ ಕಡೆ ಹೆಸರಿಡೂ ಮುಂದ ತೊಟ್ಟಿಲ ಆ ಬಾಜೂ ಒಬ್ಬರು, ಈ ಬಾಜೂ ಒಬ್ಬರು ನಿಂತು, ಕೂಸನ್ನ ತೊಟ್ಟಿಲ ಕೆಳಗಿಂದ ಕೊಟ್ಟು ಮ್ಯಾಲಿಂದ ಇಸಗೋತಾರ. ಆಮ್ಯಾಲ ಸೋದರತ್ತಿ ಕೂಸಿನ ಕಿವ್ಯಾಗ ಹೆಸರ ಹೇಳ್ತಾಳ. ಹೇಳಿದ ಕೂಡಲೇ ಸುತ್ತ ನಿಂತ ಹೆಣ್ಣಮಕ್ಕಳೆಲ್ಲಾ ಆಕಿ ಬೆನ್ನಿಗೆ ಗುದ್ದತಾರ. ಕೊಟ್ಟು ಇಸಗೊಳ್ಳಾಕ ಅಕ್ಕ, ಬೀಗತಿ ಇಬ್ಬರೂ ನಿಂತ್ರು. ಕೂಸು ಶಾಲಿನ್ಯಾಗ.

ಕೆಳಗಿಂದ ಕೊಡೂ ಮುಂದ ಅಕ್ಕನ ಕೈಬಳಿ ಶಾಲಿನ ಹಿಂದಿನ ಎಳ್ಯಾಗ ಸಿಕ್ಕವು. ಇಸಗೊಳ್ಳೂ ಮುಂದ ಬೀಗತಿ ಕೈಯಾನ ಬಂಗಾರದ ಪಾಟಲಿ ಸಿಕ್ಕವು. ಅಕ್ಕ ಜಗ್ಗಿದ್ಲು, ಬೀಗತಿ ತೊಟ್ಟಿಲ ಕೆಳಗ ಬಂದ್ಲು. ಬೀಗತಿ ಜಗ್ಗಿದ್ಲು, ಅಕ್ಕನೂ ಬಂದ್ಲು. ಇಬ್ಬರೂ ಬಗ್ಗಿ, ಹಣಿಗೆ ಹಣಿ ಹಚ್ಚಿ ನಿಂತ್ರು. ನಾ ಓಡಿ ಹೋಗಿ ಕೂಸಿನ ಬೆರಳ ಬಿಡಿಸಿ, ಕೂಸನ್ನ ಶಾಲಿನಿಂದ ತಗದು ಸೋದರತ್ತಿ ಕೈಯಾಗ ಕೊಟ್ಟನಿ. ಯಾರೋ ಕತ್ತರಿ ತಂದ್ರು.

"ಕತ್ತರಿ ಬ್ಯಾಡ! ಗಿಳಿ ಹೋಗ್ತಾವು!" ಅಂತ ಕೆಳಗಿಂದ ಎರಡೂ ದನಿ ಕೂಡೇ ಬಂದ್ವು.

ಇತ್ಲಾಕಡೆ ಸೋದರತ್ತಿ ಕಿವ್ಯಾಗ ಹೆಸರ ಹೇಳಿಬಿಟ್ಲು. ಭಾಳ ಶಾಣ್ಯಾಕಿ, ಹೇಳಿದಾಕಿನ ಕೂಸಿನ ಸಮೇತ ಬಾಜೂ ಸರದ್ಲು. ಹೆಣ್ಣಮಕ್ಕಳು ಎತ್ತಿದ ಕೈ ಇಳಿಸ್ತಾರೇನು? ಎದುರಿಗೆ ಬಗ್ಗಿದ ಬೆನ್ನ ಎರಡು ತಯಾರಿದ್ವು. ಧಬ ಧಬ ಧಬ! "ಯವ್ವಾ, ನಾ ಅಲ್ಲರೆವ್ವಾ!" ಅಂತ ಅಕ್ಕ. "ನಾ ಕೂಸಿನ ಅಜ್ಜಿ ಅದೇನ್ರಿ, ಸೋದರತ್ತಿ ಅಲ್ಲ!" ಅಂತ ಬೀಗತಿ. ಒದರ್ತಾ ಒದರ್ತಾ ಇಬ್ಬರಿಗೂ ನಗಿ ತಡಕೊಳ್ಳಾಕ ಆಗಲಿಲ್ಲ. ಒಬ್ಬರ ಹೆಗಲ ಮ್ಯಾಲ ಒಬ್ಬರು ಬಿದ್ದು ನಕ್ಕರು.

ನಾ ಎಳಿ ಬಿಡಿಸಾಕ ಕೆಳಗ ಕುಂತನಿ. ಬಾಣಂತಿ ಹುಡುಗಿ ಬಂದು ನನ್ನ ಕೈ ಗಟ್ಟಿ ಹಿಡದ್ಲು.

"ಚಿಗವ್ವಾ, ನಿನ್ನ ಕಾಲ ಬೀಳ್ತೇನಿ, ಈಗ ಬಿಡಿಸಬ್ಯಾಡ. ಇಬ್ಬರಿಗೂ ಒಂದ ಗಂಗಾಳದಾಗ ನಾನ ಉಣಸ್ತೇನಿ. ಮಂದಿ ಊಟ ಮುಗ್ಯೂತನಕ ಹಂಗ ಇರ್ಲಿ."