ಸೊಸಿಯ ನಕಾಶೆ, ನನ್ನ ಕೈಚಳಕ

ಹುಷಾರ್ ಮನುಷ್ಯಾ ಕೈ ಹಚ್ಚಿದ ಕೆಲಸದಾಗ ಒಂದಿಲ್ಲೊಂದು ಫಜೀತಿ ಆಗೂದ ಐತಿ. ನಾನು ಬಹಳ ಹುಷಾರ್, ಹಿಂಗಾಗಿ ನನ್ನ ಪಾಲಿಗೆ ಬಂದದ್ದೂ ಬಹಳ.

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ಚೀಲ ಹೊಲಿದವ ನಾನು. ನಾನು ಹೊಲಿದ ಚೀಲದಿಂದ ಘಾಟು ಸಹ ಹೊರಗೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂಸು ಮಲಗಿಸಿದರೂ ಸೀನುತ್ತಿರಲಿಲ್ಲ. ಶಾಲೆ ಕಟ್ಟೆ ಹತ್ತಿದವನಲ್ಲ. ಚೀಲದ ಮೇಲಿನ ದೊಡ್ಡ ಅಕ್ಷರ ನೋಡಿ ಓದಲು ಕಲಿತೆ. ಸಣ್ಣಕ್ಷರ ಗುಮಾಸ್ತರ ಕೆಲಸ ಅಂತ ಬಿಟ್ಟೆ. ಅದೇ ಮುಳುವಾಯಿತು.

ಹಾವೇರಿಯಲ್ಲಿ ಟೀಚರ್ ಆಗಿರುವ ನನ್ನ ಸೊಸಿ ಎರಡು ವರ್ಷ ರಜಾ ದಿನವೆಲ್ಲ ಸ್ಕೂಟಿ ಮೇಲೆ ಹಳ್ಳಿಹಳ್ಳಿ ತಿರುಗಿ, ಬಾವಿಗೆ ಹಗ್ಗ ಬಿಟ್ಟು ಅಳೆದು, ಆ ಲೆಕ್ಕವನ್ನೆಲ್ಲ ಒಂದು ಬಣ್ಣದ ನಕಾಶೆ ಮಾಡಿದಳು. ಮೇಲೆ ದೊಡ್ಡಕ್ಷರದಲ್ಲಿ ‘ನಮ್ಮ ಬಾವಿಗಳು’. ರಾಣೇಬೆನ್ನೂರಿನ ಪ್ರೆಸ್ಸಿನಲ್ಲಿ ಅರವತ್ತು ಪ್ರತಿ ಹೊಡೆಸಿದಳು. ಗಿರಾಕಿಗಳಿಗೆ ಅವನ್ನು ಕಟ್ಟಿ ಪೋಸ್ಟಿಗೆ ಹಾಕುವ ಕೆಲಸ ನಾನೇ ಕಸಿದುಕೊಂಡೆ.

"ಮಾವಾರ, ಒಂದ ಲೆಕ್ಕ ತಪ್ಪಿದ್ರ ಮುಂದ ನನ್ನ ಮಾತ ಯಾರೂ ನಂಬಂಗಿಲ್ರಿ," ಅಂದಿದ್ದಳು.

"ಚಿಂತೀ ಬಿಡವಾ," ಅಂದೆ.

ಗಟ್ಟಿ ಪ್ಯಾಕಿಂಗು

ರಟ್ಟಿನ ಕೊಳವಿ ಚಪ್ಪಟೆ ಆದೀತು ಅಂತ, ಬೋರಿಗೆ ಇಳಿಸುವ ಪ್ಲಾಸ್ಟಿಕ್ ಪೈಪು ಕೊಯ್ದು, ನಕಾಶೆ ಸುತ್ತಿ ಒಳಗಿಟ್ಟು, ಎರಡೂ ಕಡೆ ಮುಚ್ಚಳಕ್ಕೆ ಪೈಪಿನ ಅಂಟು ಬಳಿದೆ. ಆನೆ ತುಳಿದರೆ ಆನೆಯ ಕಾಲೇ ನೋಯಬೇಕು.

ಕುಮಾರಪಟ್ಟಣದ ಗಿರಾಕಿ ಫೋನ್ ಮಾಡಿದ. "ಅಜ್ಜಾರ, ಇದನ್ನ ಹೆಂಗ ತಗೀಬೇಕ್ರಿ?"

"ಒಂದೀಟು ಜೋರ್ ಹಾಕ್ರಿ."

"ಹಾಕೇವ್ರಿ. ಗರಗಸಲೇ ಕೊಯ್ದೇವಿ. ಹಾವೇರಿ ಒಂದ ತುಂಡಿನಾಗ ಐತಿ, ಬ್ಯಾಡಗಿ ಇನ್ನೊಂದರಾಗ."

ಸೊಸಿ ಅವನಿಗೆ ಇನ್ನೊಂದು ಪ್ರತಿ ಕಳಿಸಿದಳು.

ಕಣ್ಣೀರು

ಪೈಪು ಬಿಟ್ಟು ನನ್ನ ಹಳೇ ಗೋಣಿತಟ್ಟಿನಲ್ಲಿ ಹೊಲಿಯತೊಡಗಿದೆ. ಕಾಗಿನೆಲೆಯಿಂದ ಒಬ್ಬರು ಪತ್ರ ಬರೆದರು: "ನಿಮ್ಮ ನಕಾಶೆ ಬಿಚ್ಚಿದ ಕೂಡಲೇ ಮನೆಮಂದಿಯೆಲ್ಲ ಕಣ್ಣೀರು ಹಾಕಿದೆವು."

ಸೊಸಿ ಅದನ್ನು ಮೂರು ಸಲ ಓದಿದಳು. "ನೋಡ್ರಿ ಮಾವಾರ, ನನ್ನ ಕೆಲಸಕ್ಕ ಮನಸ್ಸು ಕರಗೂ ಮಂದಿ ಅದಾರ!" ಅಂತ ಕಪಾಟಿನಲ್ಲಿ ಜೋಪಾನ ಮಾಡಿದಳು.

ನಲವತ್ತು ವರ್ಷ ನಾನು ಹೊರಗೆ ಬಿಡದ ಘಾಟೆಲ್ಲ ಆ ತಟ್ಟಿನಲ್ಲೇ ಕೂತಿತ್ತು ಅಂತ ಹೇಳಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ. ಆ ಪತ್ರ ಕಂಡರೆ ಹಳಹಳಿ ಆಗುತ್ತದೆ. ಉಳಿದ ತಟ್ಟು ಹಿತ್ತಲಿಗೆ ಒಯ್ದು ಝಾಡಿಸಿದೆ. ನಮ್ಮ ಎಮ್ಮಿಯೂ ಕಣ್ಣೀರು ಹಾಕಿತು. ಅದಕ್ಕೆ ನಕಾಶೆ ತೋರಿಸಿರಲಿಲ್ಲ.

ಚುಕ್ಕಿ

ಕಡೆಯ ಇಪ್ಪತ್ತು ಕಟ್ಟುವ ಮುಂಚೆ ಒಂದನ್ನು ಪೂರ್ತಿ ಹಾಸಿ ನೋಡಿದೆ. ಊರೂರಿಗೆ ಕೆಂಪು ಚುಕ್ಕಿ, ಕೆಲವಕ್ಕೆ ಸಣ್ಣದು, ಕೆಲವಕ್ಕೆ ದೊಡ್ಡದು. ಅಗಡಿ ಹತ್ತಿರದ ನಮ್ಮೂರಿಗೆ ಚುಕ್ಕಿಯೇ ಇಲ್ಲ! ನಮ್ಮಪ್ಪ ತೋಡಿದ ಬಾವಿ ಇರುವ ಊರು ಅದು. ಆ ಬಾವಿಗೆ ಬಿದ್ದ ಕೊಡ ತಳ ಮುಟ್ಟುವುದರೊಳಗೆ ಒಂದು ಸುಗ್ಗಿ ಮುಗಿಯುತ್ತಿತ್ತು. ಸೊಸಿ ಮರೆತಿದ್ದಾಳೆ ಅಂದುಕೊಂಡೆ.

ಲಗ್ನಪತ್ರಿಕೆಯ ಮೂಲೆಗೆ ಅರಿಷಿಣ ಕುಂಕುಮ ಹಚ್ಚದೆ ಯಾರಿಗೂ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಕಾಶೆಗೂ ಹಚ್ಚೋಣ ಅಂತ ಕುಂಕುಮ ಕಲಸಿದ್ದೆ. ನಾಲ್ಕು ಮೂಲೆಗೆ ಬೆರಳಿನಿಂದ ಹಚ್ಚಿದೆ. ನಮ್ಮೂರಿಗೆ ಮಾತ್ರ ಹೆಬ್ಬಟ್ಟಿನಿಂದ, ಎಲ್ಲ ಚುಕ್ಕಿಗಿಂತ ದೊಡ್ಡದು. ಇಪ್ಪತ್ತಕ್ಕೂ.

ಹದಿನೈದು ದಿನಕ್ಕೆ ಊರ ಕಟ್ಟೆ ಮುಂದೆ ನೀರಿನ ಟ್ಯಾಂಕರ್ ನಿಂತಿತು. ನಕಾಶೆ ಕೊಂಡ ಬ್ಯಾಡಗಿಯ ಪುಣ್ಯಾತ್ಮನೊಬ್ಬ ಕಳಿಸಿದ್ದ. "ಯಜಮಾನ್ರ, ಜಿಲ್ಲಾದಾಗ ಎಲ್ಲಾಕ್ಕಿಂತ ನೀರಿಲ್ಲದ ಊರು ಇದ ಅಲ್ರೀ?" ಅಂತ ಕೇಳಿದ ಡ್ರೈವರ್, ಬಿಸಿಲಿಗೆ ಗಂಟಲು ಒಣಗಿ, ನಮ್ಮಪ್ಪನ ಬಾವಿಯಿಂದಲೇ ಎರಡು ಚೆರಿಗಿ ನೀರು ಕುಡಿದ.

ಸುದ್ದಿ ತಿಳಿದು ಸೊಸಿ ಬಂದಳು. ನಕಾಶೆಯ ಕೆಳಗಿನ ಸಣ್ಣಕ್ಷರ ನನಗೆ ಓದಿ ಹೇಳಿದಳು. ಚುಕ್ಕಿ ಅಂದರೆ ಬತ್ತಿದ ಬಾವಿ. ಚುಕ್ಕಿ ದೊಡ್ಡದಾದಷ್ಟೂ ಬತ್ತಿದ ಬಾವಿ ಹೆಚ್ಚು. ಎರಡು ವರ್ಷ ತಿರುಗಿದರೂ ಒಂದೂ ಬಾವಿ ಬತ್ತದ ಊರು ಅಂತ ಅವಳಿಗೆ ಸಿಕ್ಕಿದ್ದು ನಮ್ಮದೊಂದೇ.

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಕೂತು ಇಪ್ಪತ್ತೂ ಗಿರಾಕಿಗಳಿಗೆ ತಪ್ಪಾಯಿತು ಅಂತ ಪತ್ರ ಬರೆದಳು. ಕಡೆಯದನ್ನು ಮಡಚಿ ನನ್ನ ಕಡೆ ನೋಡಿದಳು.

"ಮಾವಾರ, ಹೆಬ್ಬಟ್ಟು ಒತ್ತಿ ಹೊಲಾ ಕಳಕೊಂಡವ್ರನ್ನ ಭಾಳ ಮಂದೀನ ನೋಡೇನ್ರಿ. ಹೆಬ್ಬಟ್ಟು ಒತ್ತಿ ಊರ ಬಾವೀನ ಬತ್ತಿಸಿದವ್ರು ನೀವೊಬ್ಬರ."